ಆಟ ಮುಗಿದ ಮೇಲಿನ ಅರ್ಧ ಗಂಟೆ

ಮೈಸೂರಿನ ನಗರ ಬಸ್ ನಿಲ್ದಾಣದಿಂದ ಕುವೆಂಪುನಗರದ ಕಡೆಗೆ ಹೋಗುವ ಬಸ್ಸಿನಲ್ಲಿ ನಮ್ಮ ಸ್ಟಾಪು ದಾಟಿದ ಮೇಲೆ ಇಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಮನೆ ಸೇರಿದ ಸಂಜೆಗಳು ನನ್ನ ಪಾಲಿಗೆ ಲೆಕ್ಕವಿಲ್ಲದಷ್ಟು. ಆ ಸ್ಟಾಪಿನಲ್ಲಿ ಬೇರೆ ಯಾರಾದರೂ ಇಳಿಯುವವರಿದ್ದರೆ ಅವರ ಬೆನ್ನ ಹಿಂದೆ ನಾನೂ ಇಳಿಯುತ್ತಿದ್ದೆ. ಯಾರೂ ಏಳದ ದಿನ ಮಾತ್ರ, ಕಂಡಕ್ಟರ್ ‘ರೈಟ್’ ಎನ್ನುವುದಕ್ಕೆ ಮೊದಲು ‘ಇಳಿಯೋರಿದ್ದಾರೆ’ ಎಂದು ಒಂದು ಮಾತು ಕೂಗಬೇಕಾಗಿತ್ತು. ಆ ಮಾತನ್ನು ರಾಮಸ್ವಾಮಿ ವೃತ್ತ ದಾಟುವಾಗಲೇ ಮನಸ್ಸಿನಲ್ಲಿ ಹೇಳಿಕೊಳ್ಳಲು ತೊಡಗುತ್ತಿದ್ದೆ. ಧ್ವನಿ ಎಷ್ಟು ಎತ್ತರಿಸಬೇಕು, ಮೊದಲ ಸಲ ಕೇಳಿಸದಿದ್ದರೆ ಎರಡನೆಯ ಸಲ ಹೇಗೆ ಕೂಗಬೇಕು, ಮುಂದಿನ ಸೀಟಿನವರು ತಿರುಗಿ ನೋಡಿದರೆ ಮುಖ ಎಲ್ಲಿಟ್ಟುಕೊಳ್ಳಬೇಕು ಎಂದು ಲೆಕ್ಕ ಹಾಕುತ್ತಿರುವಷ್ಟರಲ್ಲಿ ಸ್ಟಾಪು ಹಿಂದೆ ಸರಿದಿರುತ್ತಿತ್ತು. ಆಗ ನನಗೆ ಮೂವತ್ತೊಂದು ವರ್ಷ. ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ಕೆಲಸದಲ್ಲಿ ಎಂಟು ವರ್ಷ ಕಳೆದಿದ್ದೆ.

ಮನೆಯಲ್ಲಿ ಇದಕ್ಕೆ ‘ಸಂಕೋಚ’ ಎಂಬ ಹೆಸರಿತ್ತು, ಮತ್ತು ಆ ಹೆಸರಿನಲ್ಲಿ ಒಂದು ಮೆಚ್ಚುಗೆಯೂ ಇತ್ತು. ‘ನಮ್ಮುಡುಗಿ ಬಾಯಿಲ್ಲದ ಹಸು, ಎಲ್ಲಿ ಕೂರಿಸಿದ್ರೂ ಕೂತಿರ್ತಾಳೆ’ ಎಂದು ಅಮ್ಮ ಬಂದವರ ಮುಂದೆ ಹೇಳುವಾಗ ಅದು ಹೊಗಳಿಕೆಯೇ ಆಗಿರುತ್ತಿತ್ತು. ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ಈ ತೊಂದರೆ ಇಷ್ಟು ತಡವಾಗಿ ಬೆಳಕಿಗೆ ಬರುವುದಕ್ಕೆ ದೊಡ್ಡ ಕಾರಣ ಇದೇ ಎಂದು ನನಗೆ ಈಗ ಅನ್ನಿಸುತ್ತದೆ: ಜ್ವರ ಬಂದರೆ ಕಷಾಯ ಕೊಡುತ್ತಾರೆ, ಆದರೆ ಹೊಗಳಿಸಿಕೊಳ್ಳುವ ಲಕ್ಷಣಕ್ಕೆ ಮದ್ದು ಹುಡುಕುವವರು ಯಾರು? ವೈದ್ಯಶಾಸ್ತ್ರದಲ್ಲಿಯೂ ಇದು ಬೇರೆಯೇ ಒಂದು ತೊಂದರೆ ಎಂದು ಗುರುತಾದದ್ದು ಬಹಳ ಹಿಂದೇನಲ್ಲ. ಅಮೆರಿಕದ ಮನೋವೈದ್ಯರ ಸಂಘ ಪ್ರಕಟಿಸುವ ರೋಗನಿರ್ಣಯದ ಕೈಪಿಡಿಗೆ ಇದು ಪ್ರತ್ಯೇಕ ಹೆಸರಿನೊಂದಿಗೆ ಸೇರಿದ್ದು 1980ರ ಮೂರನೆಯ ಆವೃತ್ತಿಯಲ್ಲಿ. ಇತರರು ನನ್ನನ್ನು ಅಳೆಯುತ್ತಿದ್ದಾರೆ, ಅವರ ಕಣ್ಣಿನಲ್ಲಿ ನಾನು ಸಣ್ಣವಳಾಗುತ್ತೇನೆ ಎಂಬ ಭಯ ತಿಂಗಳುಗಟ್ಟಲೆ ಉಳಿದು, ಓದು, ಕೆಲಸ, ನಂಟುಗಳಿಗೆ ಅಡ್ಡ ಬರುವಷ್ಟು ಬೆಳೆದಾಗ ಅದನ್ನು ಸಾಮಾಜಿಕ ಆತಂಕ ಎನ್ನುತ್ತಾರೆ. ಬಹಳ ಜನರಲ್ಲಿ ಅದು ಹದಿಮೂರರ ಆಸುಪಾಸಿನಲ್ಲಿಯೇ ತಲೆಯೆತ್ತುತ್ತದೆ. ನನಗೂ ಹಾಗೆಯೇ, ಎಂಟನೆಯ ತರಗತಿಯಲ್ಲಿ ಗಟ್ಟಿಯಾಗಿ ಪಾಠ ಓದುವಾಗ ತಡವರಿಸಿದ್ದಕ್ಕೆ ಇಡೀ ಪೀರಿಯಡ್ ನಿಲ್ಲಿಸಿದ ಒಂದು ಮಧ್ಯಾಹ್ನದಿಂದ ಅದರ ನೆನಪು ಆರಂಭವಾಗುತ್ತದೆ.

ಕಚೇರಿಯಲ್ಲಿ ಬಡ್ತಿಯ ಜೊತೆಗೆ ತಿಂಗಳ ಸಭೆಯಲ್ಲಿ ಲೆಕ್ಕ ಓದಿ ಹೇಳುವ ಹೊಣೆ ಬಂದಾಗ ನಾನು ಬಡ್ತಿಯನ್ನೇ ಬೇಡವೆಂದು ಬರೆದುಕೊಟ್ಟೆ. ಆ ಪತ್ರವನ್ನು ಕಂಡ ಅಣ್ಣ ನನ್ನನ್ನು ಮನಃಶಾಸ್ತ್ರಜ್ಞೆಯೊಬ್ಬರ ಬಳಿಗೆ ಕರೆದುಕೊಂಡು ಹೋದ. ಅವರಲ್ಲಿ ಐದಾರು ತಿಂಗಳು ಒಬ್ಬಳೇ ಚಿಕಿತ್ಸೆ ಪಡೆದ ಮೇಲೆ, ಮೇಡಂ ಒಂದು ದಿನ ‘ಶನಿವಾರ ಮಧ್ಯಾಹ್ನ ಒಂದು ಗುಂಪು ಶುರು ಮಾಡ್ತಿದ್ದೀನಿ, ಆರು ಜನ, ಹನ್ನೆರಡು ವಾರ. ಮಾತಾಡೋ ಗುಂಪಲ್ಲ, ಆಡೋ ಗುಂಪು. ಬರ್ತೀರಾ?’ ಎಂದು ಕೇಳಿದರು. ಗುಂಪು ಎಂಬ ಪದ ಕೇಳಿಯೇ ನನ್ನ ಅಂಗೈ ಬೆವರಿತು. ಹೋದೆ, ಏಕೆಂದರೆ ‘ಬರುವುದಿಲ್ಲ’ ಎಂದು ಅವರ ಮುಖ ನೋಡಿ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು.

ಸರಸ್ವತಿಪುರಂನ ಹಳೆಯ ಮನೆಯೊಂದರ ಮಹಡಿಯ ಕೋಣೆ. ಮೊದಲ ದಿನ ಅಲ್ಲಿ ಪರಿಚಯ ಮಾಡಿಕೊಳ್ಳಿ ಎಂದು ಯಾರೂ ಹೇಳಲಿಲ್ಲ. ನೆಲದ ಮೇಲೆ ಎರಡು ಚೌಕಾಬಾರದ ಮನೆಗಳನ್ನು ಸೀಮೆಸುಣ್ಣದಲ್ಲಿ ಬರೆದು, ನಾಲ್ಕು ನಾಲ್ಕು ಕವಡೆ ಇಟ್ಟಿದ್ದರು. ಮೂರು ಮೂರು ಜನ ಕುಳಿತೆವು. ಚೌಕಾಬಾರಕ್ಕೆ ಮಾತು ಬೇಕಿಲ್ಲ. ‘ಚೌಕ’ ಬಿತ್ತು, ‘ಬಾರ’ ಬಿತ್ತು ಎಂದರೆ ಸಾಕು, ನಾಲ್ಕೋ ಎಂಟೋ ಮನೆ ಕಾಯಿ ನಡೆಯುತ್ತದೆ. ಎಲ್ಲರ ಕಣ್ಣೂ ಕವಡೆಯ ಮೇಲಿರುತ್ತದೆಯೇ ಹೊರತು ಮುಖದ ಮೇಲಲ್ಲ. ಅಜ್ಜಿಯ ಮನೆಯ ಪಡಸಾಲೆಯಲ್ಲಿ ಆಡಿ ಬೆಳೆದ ಆಟವಾದ್ದರಿಂದ ಕೈಗೆ ತಾನಾಗಿಯೇ ಗೊತ್ತಿತ್ತು. ಒಂದು ಗಂಟೆಯ ಹೊತ್ತಿಗೆ ನಾನು ಅಪರಿಚಿತರೊಬ್ಬರ ಕಾಯಿಯನ್ನು ಹೊಡೆದು ಅವರ ಮುಖ ನೋಡಿ ನಕ್ಕಿದ್ದೆ. ನಕ್ಕದ್ದು ನನಗೆ ತಿಳಿದದ್ದು ನಕ್ಕ ಮೇಲೆ. ಮಣೆಯ ಆಟಗಳ ಊರು ಮೈಸೂರು. ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ ತಾವೇ ಹೊಸ ಮಣೆಯಾಟಗಳನ್ನು ರಚಿಸಿ, ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ಬಿಡಿಸಿದವರು. ಅಪರಿಚಿತರನ್ನು ಎದುರುಬದುರು ಕೂರಿಸಿಯೂ ಅವರ ದೃಷ್ಟಿಯನ್ನು ನಡುವಿನ ಮಣೆಯ ಮೇಲೆ ನಿಲ್ಲಿಸುವ ಈ ಗುಣವನ್ನು ನಮ್ಮ ಹಿರಿಯರು ಚಿಕಿತ್ಸೆ ಎಂದು ಕರೆಯಲಿಲ್ಲ, ಆದರೆ ಬಳಸಿಕೊಳ್ಳುತ್ತಿದ್ದರು. ಮದುವೆಯ ಮನೆಗಳಲ್ಲಿ ಹೊಸ ಬೀಗರ ನಡುವೆ ಪಗಡೆ ಹಾಸುತ್ತಿದ್ದುದನ್ನು ಅಜ್ಜಿ ಹೇಳುತ್ತಿದ್ದರು.

ಎರಡನೆಯ ವಾರದಿಂದ ನಿಜವಾದ ಆಟ. ಇದನ್ನು ಆಡದವರಿಗಾಗಿ ಸ್ವಲ್ಪ ವಿವರಿಸಬೇಕು. ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಕಟ್ಟಿಕೊಳ್ಳುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ನಾವು ಅವರನ್ನು ಸೂತ್ರಧಾರ ಎಂದೇ ಕರೆದೆವು. ಅವರು ಸನ್ನಿವೇಶ ಹೇಳಿ ‘ಈಗ ನೀವೇನು ಮಾಡ್ತೀರಿ?’ ಎಂದು ಕೇಳುತ್ತಾರೆ. ಪಾತ್ರಧಾರಿ ತನಗೆ ತೋಚಿದ್ದನ್ನು ಹೇಳುತ್ತಾನೆ. ಅದು ಕೈಗೂಡುತ್ತದೆಯೋ ಇಲ್ಲವೋ ಎನ್ನುವುದನ್ನು ದಾಳ ತೀರ್ಮಾನಿಸುತ್ತದೆ. ವೇಷವಿಲ್ಲ, ರಂಗವಿಲ್ಲ, ಬರೆದಿಟ್ಟ ಮಾತುಗಳಿಲ್ಲ. ಈ ಬಗೆಯ ಆಟ ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂಲಕ. ಅದೇ ವರ್ಷ ಜೇಕಬ್ ಮೊರೆನೊ ತೀರಿಕೊಂಡರು. ಪಾತ್ರಾಭಿನಯವನ್ನು ಗುಂಪು ಚಿಕಿತ್ಸೆಗೆ ತಂದು ಅದಕ್ಕೆ ‘ಸೈಕೋಡ್ರಾಮಾ’ ಎಂದು ಹೆಸರಿಟ್ಟವರು ಅವರು. 1920ರ ದಶಕದ ವಿಯೆನ್ನಾದಲ್ಲಿ ಬರೆದ ಮಾತುಗಳಿಲ್ಲದ ನಾಟಕವನ್ನು ನಡೆಸಿ ನೋಡಿದವರು. ಆ ಎರಡು ದಾರಿಗಳು ಒಂದನ್ನೊಂದು ಸಂಧಿಸಲು ಸಮಯ ಹಿಡಿಯಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ಈ ಆಟ ಮಕ್ಕಳ ಮನಸ್ಸು ಕೆಡಿಸುತ್ತದೆಂದು ದೊಡ್ಡ ಗುಲ್ಲೆದ್ದಿತ್ತು. 1994ರಲ್ಲಿ ವೇಯ್ನ್ ಬ್ಲ್ಯಾಕ್‌ಮನ್ ಎಂಬ ವೈದ್ಯರು ಜನರಿಂದ ದೂರ ಸರಿದಿದ್ದ ಯುವಕನೊಬ್ಬನ ಚಿಕಿತ್ಸೆಯಲ್ಲಿ ಇದೇ ಆಟವನ್ನು ಬಳಸಿದ ಬಗೆಯನ್ನು ಮನೋಚಿಕಿತ್ಸೆಯ ಪತ್ರಿಕೆಯಲ್ಲಿ ಬರೆದರು. ಇಂದು ಸಿಯಾಟಲ್ ಪ್ರದೇಶದ ‘ಗೇಮ್ ಟು ಗ್ರೋ’ದಂತಹ ಸಂಸ್ಥೆಗಳು ಇದನ್ನೇ ತಮ್ಮ ಮುಖ್ಯ ಕೆಲಸವಾಗಿ ಮಾಡಿಕೊಂಡಿವೆ.

ನಮ್ಮ ಗುಂಪಿಗೆ ಇಂಗ್ಲಿಷ್ ನಿಯಮ ಪುಸ್ತಕವನ್ನು ಹಾಗೆಯೇ ತರುವಂತಿರಲಿಲ್ಲ. ಆರರಲ್ಲಿ ನಾಲ್ವರ ಭಯದ ಬೇರು ಇಂಗ್ಲಿಷಿನಲ್ಲೇ ಇತ್ತು. ಸಂದರ್ಶನ, ವೈವಾ, ಕಚೇರಿಯ ಫೋನು, ಎಲ್ಲದರಲ್ಲೂ ಅದೇ. ಮೇಡಂ ಮತ್ತು ಸೂತ್ರಧಾರ ಕೂತು ಎಲ್ಲವನ್ನೂ ಕನ್ನಡಕ್ಕೆ ತಂದಿದ್ದರು. ಪಾತ್ರದ ಹಾಳೆಯಲ್ಲಿ ಆರು ಗುಣಗಳು: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಸಾಮಾನ್ಯ ಮನುಷ್ಯನಿಗೆ ಯಾವುದೇ ಗುಣ ಹತ್ತರ ಸುತ್ತ ಇರುತ್ತದೆ. ಊರು ಕಾಲ್ಪನಿಕ, ಕೋಟೆ, ಕೆರೆ, ಸುಂಕದ ಕಟ್ಟೆ, ನಡುವೆ ಒಂದು ಹೊಳೆ. ನಾನು ಹರಿಗೋಲು ಹಾಕುವ ಹೆಂಗಸನ್ನು ಆರಿಸಿಕೊಂಡು ಚೆಲುವಿ ಎಂದು ಹೆಸರಿಟ್ಟೆ. ವರ್ಚಸ್ಸಿನ ಮನೆಯಲ್ಲಿ ಏಳು ಎಂದು ಬರೆದೆ. ಇದಕ್ಕಿಂತ ಹೆಚ್ಚು ಬರೆಯಲು ಕೈ ಏಳಲಿಲ್ಲ. ಮೇಡಂ ಅದನ್ನು ನೋಡಿದರು, ತಿದ್ದಲಿಲ್ಲ.

ಆ ಏಳರ ಅಂಕಿಯೇ ನನಗೆ ಮೊದಲ ಪಾಠ ಕಲಿಸಿತು. ಮೂರನೆಯ ವಾರ ಚೆಲುವಿಯ ಹರಿಗೋಲನ್ನು ಸುಂಕದವನು ತಡೆದ. ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಸೂತ್ರಧಾರ ಆ ಪಾತ್ರವನ್ನು ಕಲ್ಲಿನಂತೆ ಕೂರಿಸಿದ್ದರು. ನಾನು ಅವನನ್ನು ಒಪ್ಪಿಸಬೇಕಿತ್ತು. ಮೊದಲು ಮೇಡಂ ಒಂದು ಚೀಟಿ ಕೊಟ್ಟು, ಏನಾಗುತ್ತದೆಂದು ಎಣಿಸಿದ್ದೀರೋ ಅದನ್ನು ಬರೆದು ಮಡಚಿಡಿ ಎಂದರು. ‘ಧ್ವನಿ ನಡುಗುತ್ತದೆ, ಎಲ್ಲರೂ ಸುಮ್ಮನಾಗುತ್ತಾರೆ, ಇವಳನ್ನು ಯಾಕೆ ಸೇರಿಸಿಕೊಂಡೆವೋ ಎಂದುಕೊಳ್ಳುತ್ತಾರೆ’ ಎಂದು ಬರೆದೆ. ನಂತರ ದಾಳ. ಇಪ್ಪತ್ತು ಮುಖಗಳ ದಾಳ, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು, ಅಂಚುಗಳು ಅಂಗೈಗೆ ಒತ್ತುತ್ತಿದ್ದವು. ನಾನು ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಎಸೆದ ಮೇಲೂ ಚರ್ಮದ ಮೇಲೆ ತ್ರಿಕೋನದ ಗುರುತು ಉಳಿದಿತ್ತು. ಗೆಲ್ಲಲು ಹನ್ನೆರಡು ಬೇಕು, ನನ್ನ ವರ್ಚಸ್ಸು ಕಡಿಮೆಯಾದ್ದರಿಂದ ಎರಡು ಕಳೆಯಬೇಕು, ಅಂದರೆ ದಾಳದ ಮೇಲೆ ಹದಿನಾಲ್ಕೋ ಅದಕ್ಕಿಂತ ಹೆಚ್ಚೋ ಬೀಳಬೇಕು. ಬಿದ್ದದ್ದು ಮೂರು.

‘ಅಯ್ಯೋ!’ ಎಂದು ಉಳಿದವರೆಲ್ಲ ಒಟ್ಟಿಗೆ ಕೂಗಿದರು. ಆ ಕೂಗು ನನ್ನ ಮೇಲೆ ಬಿದ್ದದ್ದಲ್ಲ, ನನ್ನ ಪರವಾಗಿ ಎದ್ದದ್ದು ಎಂದು ಅರಿವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ಸುಂಕದವನು ಹರಿಗೋಲನ್ನು ಕಟ್ಟಿಹಾಕಿಸಿದ. ಮಂಡ್ಯದಿಂದ ಬರುತ್ತಿದ್ದ ಹುಡುಗ ‘ಅಕ್ಕ, ಬಿಡಿ, ರಾತ್ರಿ ಹಗ್ಗ ಕೊಯ್ಯೋಣ’ ಎಂದ. ಕಥೆ ಬೇರೆ ದಾರಿ ಹಿಡಿದು, ಹಿಂದಿಗಿಂತ ಸೊಗಸಾಗಿಯೇ ಮುಂದುವರಿಯಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಇಪ್ಪತ್ತು ಮುಖಗಳಲ್ಲಿ ಹದಿನಾಲ್ಕರಿಂದ ಇಪ್ಪತ್ತರವರೆಗೆ ಏಳು ಮುಖ, ಅಂದರೆ ನೂರಕ್ಕೆ 35. ಊರಿನಲ್ಲೇ ಮಾತು ಬಾರದವಳೆಂದು ನಾನೇ ಗೆರೆ ಎಳೆದುಕೊಟ್ಟ ಹೆಂಗಸಿಗೂ ಆಟ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಅವಕಾಶ ಕೊಡುತ್ತಿತ್ತು. ಬಸ್ಸಿನಲ್ಲಿ ನಾನು ನನಗೆ ಕೊಟ್ಟುಕೊಳ್ಳುತ್ತಿದ್ದುದು ಸೊನ್ನೆ. ಲೆಕ್ಕದವಳಾದ ನನಗೆ ಇದು ಯಾವ ಉಪದೇಶಕ್ಕಿಂತಲೂ ಆಳವಾಗಿ ನಾಟಿತು.

ಸಾಮಾಜಿಕ ಆತಂಕದ ಬಗ್ಗೆ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಃಶಾಸ್ತ್ರಜ್ಞರು 1995ರಲ್ಲಿ ಮುಂದಿಟ್ಟ ವಿವರಣೆಯೊಂದಿದೆ. ಮೇಡಂ ಅದನ್ನು ನಮಗೆ ಹಲಗೆಯ ಮೇಲೆ ಬರೆದು ತೋರಿಸಿದ್ದರು. ಜನರ ನಡುವೆ ಹೋದೊಡನೆ ನಮ್ಮಂಥವರ ಗಮನ ಎದುರಿನವರ ಮೇಲಿಂದ ನಮ್ಮ ಮೇಲೆಯೇ ತಿರುಗಿಬಿಡುತ್ತದೆ: ಧ್ವನಿ ಹೇಗಿದೆ, ಕೈ ನಡುಗುತ್ತಿದೆಯೇ, ಮುಖ ಕೆಂಪಾಯಿತೇ. ಒಳಗೆ ಅನ್ನಿಸಿದ್ದೇ ಹೊರಗೆ ಕಾಣುತ್ತಿದೆ ಎಂದು ನಂಬಿಬಿಡುತ್ತೇವೆ. ಇದರ ಜೊತೆಗೆ, ಕಾಪಾಡಿಕೊಳ್ಳಲೆಂದು ಮಾಡುವ ಉಪಾಯಗಳಿರುತ್ತವೆ. ವಾಕ್ಯವನ್ನು ಮೊದಲೇ ಕಂಠಪಾಠ ಮಾಡುವುದು, ಕಣ್ಣು ತಪ್ಪಿಸುವುದು, ಫೋನ್ ನೋಡುತ್ತ ನಿಲ್ಲುವುದು. ಅವುಗಳಿಂದಾಗಿಯೇ ಭಯ ಸುಳ್ಳೆಂದು ತಿಳಿಯುವ ಅವಕಾಶ ತಪ್ಪಿಹೋಗುತ್ತದೆ. ಈ ಆಟದ ರಚನೆ ಆ ಎರಡನ್ನೂ ಮೆಲ್ಲಗೆ ಕಿತ್ತುಕೊಳ್ಳುತ್ತದೆ. ಪಕ್ಕದವನು ಏನು ಮಾಡಿದನೆಂದು ಕಿವಿಗೊಡದಿದ್ದರೆ ನನ್ನ ಸರದಿಯಲ್ಲಿ ನಾನು ಏನೂ ಮಾಡಲಾರೆ; ಹಾಗಾಗಿ ಗಮನ ಹೊರಗೇ ಇರಬೇಕು. ಸುಂಕದವನು ಏನು ಕೇಳುತ್ತಾನೋ ಯಾರಿಗೂ ತಿಳಿಯದಿರುವಾಗ ಉತ್ತರವನ್ನು ಬಾಯಿಪಾಠ ಮಾಡಿಟ್ಟುಕೊಳ್ಳುವಂತೆಯೂ ಇಲ್ಲ.

ಇದಲ್ಲದೆ ಆಟದೊಳಗೆ ಒಂದು ಏಣಿಯೂ ಇದೆ. ಆ ಮಂಡ್ಯದ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದ, ವೈವಾ ಬಂತೆಂದರೆ ವಾಂತಿ ಮಾಡಿಕೊಳ್ಳುತ್ತಿದ್ದ. ಅವನು ಬೇಕೆಂದೇ ವರ್ಚಸ್ಸು ಹದಿನೆಂಟರ ಮಂತ್ರಿಯ ಪಾತ್ರ ಮಾಡಿಕೊಂಡಿದ್ದ. ಮೊದಲ ವಾರಗಳಲ್ಲಿ ‘ಮಂತ್ರಿ ಅವನನ್ನು ಒಪ್ಪಿಸ್ತಾನೆ’ ಎಂದಷ್ಟೇ ಹೇಳಿ ದಾಳ ಎಸೆಯುತ್ತಿದ್ದ. ಆಮೇಲೆ ‘ಬೆಳೆ ಹೋದ ವಿಷಯ ಹೇಳಿ ಒಪ್ಪಿಸ್ತಾನೆ’ ಎನ್ನತೊಡಗಿದ. ಐದನೆಯ ವಾರ, ಯಾರೂ ಒತ್ತಾಯಿಸದೆ, ಸೂತ್ರಧಾರರ ಕಡೆ ತಿರುಗಿ ‘ಸ್ವಾಮಿ, ಈ ಸಲ ನಾಲೆಗೆ ನೀರೇ ಬರಲಿಲ್ಲ, ಕಂದಾಯ ಎಲ್ಲಿಂದ ಕಟ್ಟಲಿ?’ ಎಂದುಬಿಟ್ಟ. ಮಂತ್ರಿಯ ಬಾಯಲ್ಲಿ ಬಂದದ್ದು ಅಪ್ಪಟ ಮಂಡ್ಯದ ರೈತನ ಮಾತು. ವಾರ್ತೆಯಂತೆ ಹೇಳುವುದು, ವಿವರಿಸಿ ಹೇಳುವುದು, ತಾನೇ ಆಡುವುದು ಎಂಬ ಮೂರು ಮೆಟ್ಟಿಲುಗಳಲ್ಲಿ ಯಾವುದರ ಮೇಲೆ ನಿಂತರೂ ಆಟ ನಡೆಯುತ್ತದೆ. ಯಾರನ್ನೂ ಮೇಲಕ್ಕೆ ದಬ್ಬಬೇಕಾಗಿಲ್ಲ.

ಇಷ್ಟಾದರೂ ಪಾತ್ರ ಮಾಡುವುದರಿಂದಲೇ ಭಯ ಹೋಗುತ್ತದೆಂದು ನಾನು ನಂಬುವುದಿಲ್ಲ, ಮತ್ತು ಹಾಗೆ ನಂಬದಿರಲು ನಮ್ಮ ಸೋದರಮಾವ ಕಾರಣ. ಮಳವಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವವರು. ಮಂಡ್ಯ ಸೀಮೆಯಲ್ಲಿ ಸುಗ್ಗಿ ಕಳೆದ ಮೇಲೆ ಊರೂರಿನಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವುದು ಎಲ್ಲರಿಗೂ ಗೊತ್ತಿರುವುದೇ. ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಿ, ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರ ಕೈಯಲ್ಲಿ ತಿಂಗಳುಗಟ್ಟಲೆ ತಾಲೀಮು ಮಾಡಿ, ಒಂದು ರಾತ್ರಿ ಬೆಳಗಾಗುವತನಕ ಆಡುತ್ತಾರೆ. ಮಾವ ಕರ್ಣನ ಪಾತ್ರಕ್ಕೆ ಹೆಸರಾದವರು. ಕುಂತಿಯ ಎದುರು ಅವರು ಕಂದ ಎತ್ತಿಕೊಂಡರೆ ಊರಾಚೆಯ ಗದ್ದೆಯವರೆಗೂ ಕೇಳಿಸುತ್ತದೆ. ಅದೇ ಮಾವ ಮಾರನೆಯ ದಿನ ಮನೆಗೆ ನಾಲ್ಕು ಜನ ನೆಂಟರು ಬಂದರೆ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಡುತ್ತಾರೆ. ನಾನು ಕಂಡಂತೆ ಇಪ್ಪತ್ತು ವರ್ಷದಿಂದ ಹೀಗೆಯೇ. ಬಣ್ಣದೊಂದಿಗೆ ಧೈರ್ಯವನ್ನೂ ತೊಳೆದುಕೊಳ್ಳುವಂತೆ ಕಾಣುತ್ತದೆ. ಒಬ್ಬ ಮನುಷ್ಯ ಸಾವಿರ ಜನರ ಮುಂದೆ ಕರ್ಣನಾಗಬಲ್ಲ, ನಾಲ್ವರ ಮುಂದೆ ತಾನಾಗಲಾರ ಎಂಬುದಕ್ಕೆ ಉತ್ತರ ನನಗೆ ಸಿಕ್ಕಿದ್ದು ಆ ಮಹಡಿಯ ಕೋಣೆಯಲ್ಲಿ, ಆಟ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ.

ಪ್ರತಿ ಶನಿವಾರ ಒಂದೂವರೆ ಗಂಟೆ ಆಟವಾದ ಮೇಲೆ ದಾಳಗಳನ್ನು ಡಬ್ಬಿಗೆ ಹಾಕಿ, ಪಾತ್ರದ ಹಾಳೆಗಳನ್ನು ಬೋರಲಾಗಿ ಮಡಗಿ, ಟೀ ಕುಡಿಯುತ್ತಿದ್ದೆವು. ಟೀ ಲೋಟ ಕೆಳಗಿಟ್ಟ ಮೇಲೆ ನಮ್ಮ ನಮ್ಮ ಹೆಸರಿನಲ್ಲೇ ಮಾತು. ಮಡಚಿಟ್ಟ ಚೀಟಿ ಬಿಚ್ಚಿ, ಎಣಿಸಿದ್ದೇನು, ಆದದ್ದೇನು ಎಂದು ಪಕ್ಕಪಕ್ಕದಲ್ಲಿ ಬರೆಯಬೇಕು. ಆ ಮೂರನೆಯ ವಾರ ನಾನು ‘ಧ್ವನಿ ನಡುಗಿತು’ ಎಂದು ಬರೆದೆ. ಅದು ನಿಜವಾಗಿತ್ತು. ಆದರೆ ಉಳಿದ ಐವರಲ್ಲಿ ಒಬ್ಬರಿಗೆ ಮಾತ್ರ ಅದು ಕೇಳಿಸಿತ್ತು, ಅವರೂ ಅದನ್ನು ಚೆಲುವಿ ಸುಂಕದವನಿಗೆ ಹೆದರಿದಳೆಂದೇ ತಿಳಿದಿದ್ದರು. ‘ಸುಮ್ಮನಾಗುತ್ತಾರೆ’ ಎಂದದ್ದರ ಎದುರು ‘ಅಯ್ಯೋ ಎಂದರು’ ಎಂದು ಬರೆದೆ. ಆಮೇಲೆ ಮೇಡಂ ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ‘ಇದು ಹೊರಗೆ ಎಲ್ಲಿ ಬರುತ್ತೆ?’ ಚೆಲುವಿ ಸುಂಕದವನ ಎದುರು ನಿಂತದ್ದು ನನ್ನ ಬದುಕಿನಲ್ಲಿ ಯಾವ ಜಾಗಕ್ಕೆ ಹೊಂದುತ್ತದೆ? ಆ ವಾರ ಅಂಥ ಒಂದು ಜಾಗಕ್ಕೆ ಹೋಗಿ ಬರಬೇಕು, ಹೋಗುವ ಮೊದಲು ಮತ್ತು ನಂತರ ಭಯವನ್ನು ಸೊನ್ನೆಯಿಂದ ನೂರರ ಅಳತೆಯಲ್ಲಿ ಬರೆದಿಡಬೇಕು. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರಿಗೆ ಮೊಳ ಸರಿಯಾಗಿ ಹಾಕಿ ಎನ್ನುವುದು ನನ್ನ ಪಟ್ಟಿಯಲ್ಲಿ ನಲವತ್ತು, ಬಸ್ಸಿನಲ್ಲಿ ಕೂಗುವುದು ಅರವತ್ತು, ಗ್ಯಾಸಿನವರಿಗೆ ಫೋನ್ ಮಾಡಿ ಜಗಳವಾಡುವುದು ಎಪ್ಪತ್ತು, ಕಚೇರಿಯ ಸಭೆ ತೊಂಬತ್ತು. ಮೇಡಂ ಇದನ್ನು ಚಾಮುಂಡಿ ಬೆಟ್ಟದ ಮೆಟ್ಟಿಲು ಎಂದು ಕರೆಯುತ್ತಿದ್ದರು. ಈ ಹನ್ನೆರಡು ವಾರದಲ್ಲಿ ನಂದಿಯವರೆಗೆ ಹತ್ತಿದರೆ ಸಾಕು ಎನ್ನುತ್ತಿದ್ದರು.

ಮಾವನಿಗೆ ಈ ಅರ್ಧ ಗಂಟೆ ಯಾರೂ ಕೊಡಲಿಲ್ಲ. ಕರ್ಣನ ಮಾತುಗಳು ಬೇರೆಯವರು ಬರೆದದ್ದು, ಎದುರಿನವರ ಉತ್ತರ ಮೊದಲೇ ಗೊತ್ತಿರುವುದು. ಚಪ್ಪಾಳೆಯೆಲ್ಲ ಕರ್ಣನ ಖಾತೆಗೇ ಜಮೆಯಾಯಿತು. ನಿನ್ನೆ ರಾತ್ರಿ ನಿಂತು ಹಾಡಿದ ಕಾಲು ನಿನ್ನದೇ ಅಲ್ಲವೇ ಎಂದು ಮಾರನೆಯ ಬೆಳಿಗ್ಗೆ ಅವರನ್ನು ಕೇಳುವವರಿರಲಿಲ್ಲ. ಮೊರೆನೊ ಅವರ ಪದ್ಧತಿಯಲ್ಲಿಯೂ ಮೈ ಸಡಿಲಿಸುವುದು, ಅಭಿನಯಿಸುವುದು, ಕೊನೆಗೆ ಕೂತು ಹಂಚಿಕೊಳ್ಳುವುದು ಎಂಬ ಮೂರು ಹಂತಗಳಿವೆ. ಆ ಕೊನೆಯ ಹಂತವನ್ನು ಬಿಟ್ಟು ಬರೀ ಆಟವನ್ನು ಚಿಕಿತ್ಸೆಯೆಂದು ಕರೆಯುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ಗೆಳೆಯರು ಕೂಡಿ ಆಡುವ ಆಟ ಸಂತೋಷದ ವಿಷಯ, ಒಳ್ಳೆಯ ವಿಷಯ. ತರಬೇತಿ ಪಡೆದವರೊಬ್ಬರು ಪಕ್ಕದಲ್ಲಿದ್ದು, ಆಡಿದ್ದನ್ನು ಬದುಕಿಗೆ ಕಟ್ಟಿಕೊಡುವವರೆಗೂ ಅದು ಚಿಕಿತ್ಸೆಯಲ್ಲ.

ತರಬೇತಿ ಪಡೆದವರಿಂದಲೂ ತಪ್ಪಾಗುತ್ತದೆ, ನಮ್ಮಲ್ಲಿ ಆಯಿತು. ಏಳನೆಯ ವಾರ ಸೂತ್ರಧಾರ ಕಥೆಯನ್ನು ರಾಜನ ಒಡ್ಡೋಲಗಕ್ಕೆ ತಂದು, ಮಂತ್ರಿಯ ಮೇಲೆ ಆರೋಪ ಹೊರಿಸಿ, ಮಂಡ್ಯದ ಹುಡುಗನನ್ನು ನಿಂತು ಉತ್ತರ ಕೊಡಲು ಹೇಳಿದರು. ಉತ್ಸಾಹದಲ್ಲಿ ನಾವೆಲ್ಲ ಕುರ್ಚಿಗಳನ್ನು ಅವನ ಕಡೆ ತಿರುಗಿಸಿಕೊಂಡೆವು, ನಾನೂ ಸೇರಿದಂತೆ. ಅವನ ತುಟಿ ಅಲುಗುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಮೇಜಿನ ನಡುವೆ ಕಾಟು ಗುರುತಿನ ಒಂದು ಕಾರ್ಡು ಇತ್ತು. ಇಂಥ ಆಟಗಳಲ್ಲಿ ಅದು ರೂಢಿ: ಯಾರಿಗೇ ಸಂಕಟವಾದರೂ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಸನ್ನಿವೇಶ ಬದಲಿಸುತ್ತಾರೆ. ಕಾರ್ಡು ಅವನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಅವನು ಮುಟ್ಟಲಿಲ್ಲ. ಬಚ್ಚಲಿಗೆ ಹೋಗಿ ಬರುತ್ತೇನೆಂದು ಹೋದವನು ಚಪ್ಪಲಿ ಮೆಟ್ಟಿಕೊಂಡು ರೈಲ್ವೆ ಸ್ಟೇಷನ್ನಿಗೆ ನಡೆದುಬಿಟ್ಟ.

ಹದಿನೈದು ದಿನಗಳ ನಂತರ ಅವನು ಮರಳಿ ಬಂದಾಗ ಹೇಳಿದ ಮಾತನ್ನು ಈ ಚಿಕಿತ್ಸೆ ನಡೆಸುವ ಎಲ್ಲರೂ ಕೇಳಬೇಕು ಎನ್ನುವುದು ನನ್ನ ಆಸೆ. ‘ಅಷ್ಟು ಜನ ನೋಡ್ತಿರುವಾಗ ಕೈ ಚಾಚಿ ಆ ಕಾರ್ಡು ಮುಟ್ಟೋದು ಮಾತಾಡೋದಕ್ಕಿಂತ ಕಷ್ಟ ಮೇಡಂ’ ಎಂದ. ಎಲ್ಲರ ಎದುರು ಕೈ ಎತ್ತಲಾರದವನಿಗೆ ಎಲ್ಲರ ಎದುರು ಕೈ ಎತ್ತಿ ರಕ್ಷಣೆ ಕೇಳು ಎಂದು ಹೇಳಿದ್ದೆವು. ಮೇಡಂ ಮತ್ತು ಸೂತ್ರಧಾರ ಇಬ್ಬರೂ ಅವನಲ್ಲಿ ಕ್ಷಮೆ ಕೇಳಿದರು. ನಾವೂ ಕುರ್ಚಿ ತಿರುಗಿಸಿದ್ದಕ್ಕೆ ಕೇಳಿದೆವು. ಅಂದಿನಿಂದ ಕಾರ್ಡು ಹೋಯಿತು. ಇಪ್ಪತ್ತು ನಿಮಿಷಕ್ಕೊಮ್ಮೆ ಆಟ ನಿಲ್ಲಿಸಿ ಆರೂ ಜನ, ಬೇಕಿರಲಿ ಬೇಡದಿರಲಿ, ಒಂದು ಚೀಟಿಯಲ್ಲಿ ಸೊನ್ನೆಯಿಂದ ನೂರರ ಒಂದು ಅಂಕಿ ಬರೆದು ಸ್ಟೀಲ್ ಡಬ್ಬಿಗೆ ಹಾಕುವುದು ಆರಂಭವಾಯಿತು. ಎಲ್ಲರೂ ಬರೆಯುವುದರಿಂದ ಯಾರೂ ಎದ್ದು ಕಾಣುವುದಿಲ್ಲ. ಎಂಬತ್ತರ ಮೇಲಿನ ಒಂದೇ ಚೀಟಿ ಇದ್ದರೂ ಸೂತ್ರಧಾರ ಕಥೆಯನ್ನು ಬೇರೆ ಊರಿಗೆ ಒಯ್ಯುತ್ತಿದ್ದರು. ಅದು ಯಾರ ಚೀಟಿ ಎಂದು ಇಂದಿಗೂ ನಮಗೆ ಗೊತ್ತಿಲ್ಲ. ಕೆಲವು ಸಲ ನನ್ನದಾಗಿತ್ತು.

ಓದುಗರಲ್ಲಿ ಯಾರಿಗಾದರೂ ಇದು ಬೇಕೆನ್ನಿಸಿದರೆ, ಮೊದಲ ಬಾಗಿಲು ಈ ಆಟವಲ್ಲ ಎಂದು ಹೇಳುವುದು ನನ್ನ ಕರ್ತವ್ಯ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿ ದೊಡ್ಡವರ ಸಾಮಾಜಿಕ ಆತಂಕಕ್ಕೆ ಮೊದಲು ಸೂಚಿಸುವುದು ಒಬ್ಬೊಬ್ಬರಿಗೇ ಕೊಡುವ ಅರಿವು–ವರ್ತನಾ ಚಿಕಿತ್ಸೆಯನ್ನು (ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳಲು ಕಲಿಸುವ ಸಿಬಿಟಿಯನ್ನು), ಗುಂಪಿನದ್ದನ್ನಲ್ಲ. ಈ ಆಟಗಳ ಮೇಲಿನ ಅಧ್ಯಯನಗಳು ಹೆಚ್ಚಾಗಿ ಚಿಕ್ಕ ಗುಂಪುಗಳವು. ನಾನು ಕೂಡ ಆರು ತಿಂಗಳು ಒಬ್ಬಳೇ ಚಿಕಿತ್ಸೆ ಪಡೆದ ನಂತರವೇ ಆ ಮೆಟ್ಟಿಲು ಹತ್ತಿದವಳು. ಗುಂಪಿನಲ್ಲಿದ್ದ ಇಬ್ಬರು ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು, ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಎಲ್ಲಿಂದ ಆರಂಭಿಸುವುದೆಂದು ತಿಳಿಯದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು; ಕನ್ನಡದಲ್ಲಿಯೇ ಮಾತನಾಡಬಹುದು. ಫೋನ್ ಮಾಡುವುದೇ ಭಯವಾದರೆ ಪಕ್ಕದಲ್ಲಿ ನಂಬುವವರೊಬ್ಬರನ್ನು ಕೂರಿಸಿಕೊಂಡು ಮಾಡಿ. ನನ್ನ ಮೊದಲ ಭೇಟಿಯ ಹೊತ್ತನ್ನು ಗೊತ್ತುಮಾಡಿದ್ದು ಅಣ್ಣನೇ.

ಹನ್ನೆರಡನೆಯ ವಾರದ ಹೊತ್ತಿಗೆ ಚೆಲುವಿಯ ವರ್ಚಸ್ಸು ಏಳೇ ಇತ್ತು. ಬದಲಾಯಿಸಿಕೊಳ್ಳಬಹುದಿತ್ತು, ಬೇಕೆನ್ನಿಸಲಿಲ್ಲ. ಕೊನೆಯ ಆಟದಲ್ಲಿ ಹೊಳೆ ತುಂಬಿ ಬಂದಿತ್ತು, ಆಚೆ ದಡದಲ್ಲಿ ಜನ ಸಿಕ್ಕಿಬಿದ್ದಿದ್ದರು, ಅವರಿಗೆ ಕೇಳಿಸುವಂತೆ ಚೆಲುವಿ ಕೂಗಬೇಕಿತ್ತು. ದಾಳಕ್ಕೆ ಕೈ ಹಾಕುವ ಮೊದಲೇ ನಾನು ಎದ್ದು ನಿಂತು ಕಿಟಕಿಯ ಕಡೆಗೆ ‘ಓಯ್, ಹಗ್ಗ ಹಿಡ್ಕೊಳ್ರೋ!’ ಎಂದು ಕೂಗಿದೆ. ಕೆಳಗಿನ ಮನೆಯವರು ಅಂಗಳಕ್ಕೆ ಬಂದು ಮೇಲೆ ನೋಡಿದರು. ಮೇಡಂ ‘ಇದಕ್ಕೆ ದಾಳ ಬೇಡ’ ಎಂದರು.

ಬಸ್ಸಿನ ಮೆಟ್ಟಿಲು ಮಾತ್ರ ಆ ಹನ್ನೆರಡು ವಾರಗಳಲ್ಲಿ ಹತ್ತಲಾಗಿರಲಿಲ್ಲ. ಅರವತ್ತರಿಂದ ನಲವತ್ತೈದಕ್ಕೆ ಇಳಿದಿತ್ತು, ಅಷ್ಟೇ; ಎರಡು ಸಲ ಪ್ರಯತ್ನಿಸಿ ಮುಂದಿನ ಸ್ಟಾಪಿನಲ್ಲೇ ಇಳಿದಿದ್ದೆ. ಗುಂಪು ಮುಗಿದು ಒಂದು ತಿಂಗಳಾದ ಮೇಲೆ, ಒಂದು ಸಂಜೆ, ನನ್ನ ಪಕ್ಕ ಒಬ್ಬ ಅಜ್ಜಿ ಸೊಪ್ಪಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನಮ್ಮ ಸ್ಟಾಪಿಗೆ ಎರಡು ಸ್ಟಾಪು ಮೊದಲು ಬಸ್ಸು ನಿಂತು ಹೊರಡುವಾಗ ಅವರು ಗಾಬರಿಯಿಂದ ಏಳಲು ಹೋಗಿ ಬುಟ್ಟಿ ವಾಲಿತು. ‘ಇಲ್ಲೇ ಕಣವ್ವ ನಂದು’ ಎಂದರು, ನನಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ನಾನು ಬುಟ್ಟಿಯ ಒಂದು ಬದಿ ಹಿಡಿದುಕೊಂಡು ‘ಹೋಲ್ಡಾನ್, ಇಳಿಯೋರಿದ್ದಾರೆ!’ ಎಂದೆ. ಬಸ್ಸು ನಿಂತಿತು. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿ, ಅಜ್ಜಿಗೆ ದಾರಿ ಬಿಡಲು ಕಾಲು ಸರಿಸಿಕೊಂಡರು. ಬುಟ್ಟಿ ಇಳಿಸಿಕೊಟ್ಟು ಮತ್ತೆ ನನ್ನ ಸೀಟಿಗೆ ಬಂದು ಕುಳಿತೆ. ಬ್ಯಾಗಿನಿಂದ ಪುಟ್ಟ ಪುಸ್ತಕ ತೆಗೆದು ‘ಮೊದಲು’ ಎಂಬ ಕಡೆ ಏನು ಬರೆಯಬೇಕೆಂದು ಯೋಚಿಸಿದೆ; ಮೊದಲು ಅಳೆದುಕೊಂಡೇ ಇರಲಿಲ್ಲ. ಆ ಮನೆಯನ್ನು ಖಾಲಿ ಬಿಟ್ಟು ‘ನಂತರ’ ಎಂಬಲ್ಲಿ ಹದಿನೈದು ಎಂದು ಬರೆಯುತ್ತಿರುವಾಗ ನಮ್ಮ ಸ್ಟಾಪು ಬಂತು.